ಹಗಲ ಬೆಳಕಿಗೆ ಹಗುರ ಲೇಪ

ಫೌಂಡೇಶನ್ ಹುಟ್ಟಿದ್ದು ದೀಪದ ಬೆಳಕಿಗಾಗಿ. ರಂಗದ ಮೇಲೆ ನಿಂತವರ ಮುಖಭಾವ ಕೊನೆಯ ಸಾಲಿನವರಿಗೂ ಕಾಣಬೇಕು, ಕ್ಯಾಮೆರಾದ ಎದುರು ನಿಂತವರ ಚರ್ಮ ಮಿಂಚಿ ಚಿತ್ರ ಕೆಡಬಾರದು ಎಂಬ ಅಗತ್ಯದಿಂದ ಬಂದ ದಪ್ಪ ಲೇಪ ಅದು. ಅದೇ ಜಾತಿಯ ಲೇಪವನ್ನು ಇಂದು ಬೆಳಗಿನ ಬಸ್ಸು ಹಿಡಿಯುವ ಶಿಕ್ಷಕಿ, ಸ್ಕೂಟರಿನಲ್ಲಿ ಕಚೇರಿಗೆ ಹೊರಡುವ ಉದ್ಯೋಗಿ, ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವ ಹುಡುಗಿ ಹಚ್ಚಿಕೊಳ್ಳುತ್ತಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮೂಗಿನ ಪಕ್ಕದಲ್ಲಿ ಅದು ಬಿರಿಯುತ್ತದೆ, ಮೇಲ್ದುಟಿಯ ಬೆವರಿಗೆ ಕದಡುತ್ತದೆ, ಕುರ್ತಾದ ಕೊರಳಪಟ್ಟಿಗೆ ಅಂಟುತ್ತದೆ. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣವಾಗಿ ನಿಲ್ಲುತ್ತದೆ.

ದಿನನಿತ್ಯ ಅಷ್ಟು ದಪ್ಪ ಪದರ ನಮಗೆ ಬೇಕೇ? ನನ್ನ ಉತ್ತರ ಸ್ಪಷ್ಟ: ಬಹುಪಾಲು ಜನರಿಗೆ, ಬಹುಪಾಲು ದಿನಗಳಲ್ಲಿ ಬೇಡ. ಹಗಲ ಬೆಳಕಿಗೆ ಒಪ್ಪುವ, ಚರ್ಮವನ್ನು ಚರ್ಮವಾಗಿಯೇ ಕಾಣಗೊಡುವ ಹಗುರ ಲೇಪಗಳು ಈಗ ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಆದರೆ ಅವುಗಳಲ್ಲಿ ಯಾವುದು ಏನು ಮಾಡುತ್ತದೆ, ನಮ್ಮ ಮೈಬಣ್ಣಕ್ಕೆ ಯಾವುದು ಕೂಡುತ್ತದೆ ಎಂಬುದನ್ನು ಅರಿತು ಕೊಳ್ಳಬೇಕು. ಇಲ್ಲದಿದ್ದರೆ ಹಗುರ ಲೇಪದ ಹೆಸರಿನಲ್ಲಿ ಮನೆಗೆ ಬರುವುದು ಹಳೆಯ ಬಿಳುಪಿನ ಆಸೆಯೇ.

ಚೌಕಿಯಿಂದ ಸ್ಟುಡಿಯೊದವರೆಗೆ

ದಪ್ಪ ಬಣ್ಣದ ಅರ್ಥ ನಮ್ಮ ನಾಡಿಗೆ ಹೊಸದಲ್ಲ. ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಕಲಾವಿದರು ಸಫೇತೆಂಬ ಬಿಳಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಅದಕ್ಕೆ ಹಳದಿ, ಕೆಂಪು ಬೆರೆಸಿ ಮುಖಕ್ಕೆ ತಳಬಣ್ಣ ಹಚ್ಚುತ್ತಾರೆ. ರಾಕ್ಷಸರ ಬಣ್ಣದ ವೇಷವಾದರೆ ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಚುಟ್ಟಿ ಇಡುತ್ತಾರೆ. ಅದಕ್ಕೆ ಗಂಟೆಗಟ್ಟಲೆ ಬೇಕು. ದೊಂದಿಯ ಬೆಳಕಿನಲ್ಲಿ ಗದ್ದೆಯ ಆಚೆ ಕುಳಿತವನಿಗೂ ರಾಕ್ಷಸನ ಮುಖ ಕಾಣಲಿ ಎಂಬುದು ಆ ಬಣ್ಣಗಾರಿಕೆಯ ಹಿಂದಿನ ಲೆಕ್ಕಾಚಾರ. ಆಟ ಮುಗಿದ ಮೇಲೆ ಬೆಳಕು ಹರಿಯುವಷ್ಟರಲ್ಲಿ ಬಣ್ಣ ತೆಗೆದು ಮುಖ ತೊಳೆಯುತ್ತಾರೆ. ಆ ಬಣ್ಣದಲ್ಲಿ ಯಾರೂ ಸಂತೆಗೆ ಹೋಗುವುದಿಲ್ಲ.

ಯುರೋಪಿನ ರಂಗಭೂಮಿಯಲ್ಲೂ ಇದೇ ಲೆಕ್ಕ. ಜರ್ಮನಿಯ ಒಪೆರಾ ಗಾಯಕ ಲುಡ್ವಿಗ್ ಲೈಖ್ನರ್ 1873ರಲ್ಲಿ ಸೀಸವಿಲ್ಲದ ಗ್ರೀಸ್‌ಪೇಂಟ್ ಕಡ್ಡಿಗಳನ್ನು ತಯಾರಿಸಿ ಮಾರತೊಡಗಿದರು. ಕೊಬ್ಬಿನಲ್ಲಿ ಕಲಸಿದ ಆ ಬಣ್ಣ ಸಿನಿಮಾಕ್ಕೆ ಬಂದಾಗ ಕಷ್ಟವಾಯಿತು. ಟೆಕ್ನಿಕಲರ್ ಚಿತ್ರಗಳಲ್ಲಿ ಜಿಡ್ಡಿನ ಮೇಲ್ಮೈ ಸುತ್ತಲಿನ ಬಣ್ಣಗಳನ್ನು ಪ್ರತಿಫಲಿಸಿ ನಟಿಯ ಕೆನ್ನೆ ಒಮ್ಮೆ ಹಸಿರು, ಒಮ್ಮೆ ಕೆಂಪು ಕಾಣುತ್ತಿತ್ತು. ಅದಕ್ಕೆ ಪರಿಹಾರವಾಗಿ ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ ಒದ್ದೆ ಸ್ಪಂಜಿನಿಂದ ಹಚ್ಚುವ ಪ್ಯಾನ್‌ಕೇಕ್ ತಂದಿತು. 1937ರಲ್ಲಿ ತೆರೆಕಂಡ ‘ವೋಗ್ಸ್ ಆಫ್ 1938’ ಚಿತ್ರದಲ್ಲಿ ಅದರ ಬಳಕೆಯಾಯಿತು. ಮರುವರ್ಷದ ಹೊತ್ತಿಗೆ ಅದು ಸಾಮಾನ್ಯ ಗ್ರಾಹಕರಿಗೂ ಸಿಗುವಂತಾಯಿತು. ಸ್ಟುಡಿಯೊಗೆಂದು ಮಾಡಿದ ವಸ್ತು ಮನೆಯ ಕನ್ನಡಿಯ ಮುಂದೆ ಬಂದು ಕುಳಿತದ್ದು ಹೀಗೆ.

ಕನ್ನಡ ಸಿನಿಮಾದ ಆರಂಭದ ದಶಕಗಳೆಲ್ಲ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲೇ ಕಳೆದವು. ಅಲ್ಲಿನ ಜೆಮಿನಿ ಸ್ಟುಡಿಯೊದಲ್ಲಿ ಕೆಲಸ ಮಾಡಿದ್ದ ತಮಿಳು ಲೇಖಕ ಅಶೋಕಮಿತ್ರನ್, ತಮ್ಮ ನೆನಪಿನ ಬರಹದಲ್ಲಿ ಮೇಕಪ್ ವಿಭಾಗ ರಾಶಿಗಟ್ಟಲೆ ಪ್ಯಾನ್‌ಕೇಕ್ ಬಳಸುತ್ತಿದ್ದ ಚಿತ್ರವನ್ನು ಕೊಟ್ಟಿದ್ದಾರೆ. ಉರಿಯುವ ದೀಪಗಳ ಕೆಳಗೆ, ಕಪ್ಪು-ಬಿಳುಪು ಫಿಲ್ಮಿಗಾಗಿ ಆ ಲೇಪಕ್ಕೆ ಕಾರಣವಿತ್ತು. ಇಂದಿನ ಮದುವೆ ಮಂಟಪದಲ್ಲಿ, ವಿಡಿಯೊ ದೀಪಗಳ ನಡುವೆ ನಾಲ್ಕಾರು ಗಂಟೆ ಕೂರುವ ವಧುವಿನ ಮೇಕಪ್ಪಿಗೂ ಅದೇ ಕಾರಣವಿದೆ. ಕಾರಣವಿಲ್ಲದೆ ಅದನ್ನೇ ಸೋಮವಾರದ ಕಚೇರಿಗೆ ಒಯ್ದಾಗ ತೊಂದರೆ ಶುರು.

ಸ್ನೋ, ಪೌಡರಿನ ಕಾಲ

ಹಗುರ ಲೇಪ ಎಂಬುದು ಕೊರಿಯಾದಿಂದ ಮೊನ್ನೆ ಬಂದ ಸಂಗತಿ ಎಂದು ಭಾವಿಸುವವರಿದ್ದಾರೆ. ಹಾಗಲ್ಲ, ಅದು ನಮ್ಮಲ್ಲಿ ಹಿಂದೆಯೂ ಇತ್ತು. ನಮ್ಮ ಅಜ್ಜಿ, ಅಮ್ಮಂದಿರ ಡ್ರೆಸ್ಸಿಂಗ್ ಟೇಬಲ್ಲಿನಲ್ಲಿ ಎರಡೇ ಡಬ್ಬಿ ಇರುತ್ತಿದ್ದವು: ಸ್ನೋ ಮತ್ತು ಪೌಡರ್. ಬೆರಳ ತುದಿಯಷ್ಟು ಸ್ನೋ ಸವರಿ, ಮೇಲೆ ತೆಳುವಾಗಿ ಪೌಡರ್ ತಟ್ಟಿ, ಹಣೆಗೆ ಕುಂಕುಮ ಇಟ್ಟರೆ ಅಲಂಕಾರ ಮುಗಿಯಿತು. ಮುಂಬಯಿಯ ಇ. ಎಸ್. ಪಾಟನ್‌ವಾಲಾ 1919ರಲ್ಲಿ ತಂದ ಅಫ್ಘಾನ್ ಸ್ನೋ ಹಲವು ದಶಕ ದೇಶದ ಮನೆಮನೆಯ ಹೆಸರಾಗಿತ್ತು. 1952ರಲ್ಲಿ ಟಾಟಾ ಸಮೂಹ ಆರಂಭಿಸಿದ ಲ್ಯಾಕ್ಮೆ, ಭಾರತದ ಹವೆಗೆ, ಭಾರತದ ಹೆಂಗಸರಿಗೆಂದೇ ಪ್ರಸಾಧನ ಸಾಮಗ್ರಿ ತಯಾರಿಸುವ ಗುರಿ ಇಟ್ಟುಕೊಂಡಿತ್ತು.

ಸ್ನೋ ಎಂದರೆ ಸ್ಟಿಯರಿಕ್ ಆಮ್ಲದ ತೆಳು ಕ್ರೀಮು. ಉಜ್ಜಿದಂತೆ ಕಾಣೆಯಾಗಿ ಪೌಡರ್ ಹಿಡಿದು ನಿಲ್ಲುವ ನೆಲೆಯನ್ನಷ್ಟೇ ಒದಗಿಸುತ್ತಿತ್ತು. ಹತ್ತೇ ನಿಮಿಷದ ಆ ಕ್ರಮದಲ್ಲಿ ಬುದ್ಧಿವಂತಿಕೆಯಿತ್ತು. ಕೊರತೆಯೂ ಇತ್ತು. ಪೌಡರಿನ ಬಣ್ಣ ಬಿಳಿ ಅಥವಾ ತಿಳಿಗುಲಾಬಿ. ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ, ಕಪ್ಪು ಬಣ್ಣದ ಕೆನ್ನೆಗಳ ಮೇಲೆ ಅದು ಬೂದಿಯಂತೆ ನಿಲ್ಲುತ್ತಿತ್ತು. ಬಿಸಿಲಿನಿಂದ ರಕ್ಷಣೆಯ ಯೋಚನೆಯಂತೂ ಅದರಲ್ಲಿ ಇರಲೇ ಇಲ್ಲ. ಇಂದಿನ ಹಗುರ ಲೇಪಗಳು ಈ ಎರಡು ಕೊರತೆಗಳನ್ನು ತುಂಬಿದರೆ ಮಾತ್ರ ಅವು ಸ್ನೋ-ಪೌಡರಿಗಿಂತ ಮುಂದಿನ ಹೆಜ್ಜೆ.

ಟ್ಯೂಬಿನೊಳಗೆ ಏನಿದೆ?

ಫೌಂಡೇಶನ್ ಆಗಲಿ, ಬಿಬಿ ಕ್ರೀಮಿನಂಥ ಹಗುರ ಲೇಪವಾಗಲಿ, ಒಳಗಿನ ಬಣ್ಣಗಳು ಹೆಚ್ಚುಕಡಿಮೆ ನಾಲ್ಕೇ. ಬಿಳುಪಿಗೆ ಟೈಟೇನಿಯಂ ಡಯಾಕ್ಸೈಡ್; ಹಳದಿ, ಕೆಂಪು, ಕಪ್ಪು ಬಣ್ಣಗಳಿಗೆ ಮೂರು ಬಗೆಯ ಐರನ್ ಆಕ್ಸೈಡ್. ನೀರು, ಎಣ್ಣೆ ಅಥವಾ ಸಿಲಿಕೋನಿನ ಮಿಶ್ರಣದಲ್ಲಿ ಈ ಪುಡಿಗಳನ್ನು ಹರಡಿರುತ್ತಾರೆ. ಪುಡಿಯ ಪ್ರಮಾಣ ಹೆಚ್ಚಿದಷ್ಟೂ ಲೇಪ ಚರ್ಮವನ್ನು ಮುಚ್ಚುತ್ತದೆ. ಕಡಿಮೆಯಾದಷ್ಟೂ ಕೆಳಗಿನ ಮಚ್ಚೆ, ರಂಧ್ರ, ನಾಚಿದಾಗಿನ ಕೆಂಪು ಎಲ್ಲ ಕಾಣುತ್ತವೆ. ದಪ್ಪ ಮತ್ತು ಹಗುರ ಲೇಪಗಳ ನಡುವಿನ ಮುಖ್ಯ ವ್ಯತ್ಯಾಸ ಇಷ್ಟೇ. ಉಳಿದ ಹೆಸರುಗಳೆಲ್ಲ ಮಾರುಕಟ್ಟೆಯವು. ಒಂದು ಕಂಪನಿಯ ಬಿಬಿ ಕ್ರೀಮ್ ಇನ್ನೊಂದರ ಫೌಂಡೇಶನ್ನಿನಷ್ಟು ದಪ್ಪವಿರಬಹುದು.

ದಪ್ಪ ಲೇಪ ಚರ್ಮಕ್ಕೆ ವಿಷವೇನಲ್ಲ. ಆದರೆ ಮೊಡವೆ ಏಳುವ ಸ್ವಭಾವದವರಿಗೆ ಎಚ್ಚರ ಬೇಕು. ಅಮೆರಿಕದ ಚರ್ಮತಜ್ಞರಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಓಟಿಸ್ ಮಿಲ್ಸ್ 1972ರಲ್ಲಿ ಪ್ರಸಾಧನಗಳಿಂದ ಏಳುವ ಮೊಡವೆಯನ್ನು ಗುರುತಿಸಿ, ಅದಕ್ಕೆ ‘ಆಕ್ನೆ ಕಾಸ್ಮೆಟಿಕಾ’ ಎಂದು ಹೆಸರಿಟ್ಟರು. ಮೊಡವೆ ಮುಚ್ಚಲು ಇನ್ನಷ್ಟು ಲೇಪ, ಆ ಲೇಪದಿಂದ ಇನ್ನಷ್ಟು ಮೊಡವೆ ಎಂಬ ಸುಳಿಗೆ ಸಿಕ್ಕವರು ಎಷ್ಟೋ ಮಂದಿ. ಕಂದು ಚರ್ಮದಲ್ಲಿ ಮೊಡವೆ ಮಾಗಿದ ಮೇಲೂ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದರಿಂದ ನಮಗೆ ಈ ಸುಳಿ ಇನ್ನೂ ದುಬಾರಿ. ಟ್ಯೂಬಿನ ಮೇಲೆ ‘ನಾನ್-ಕಾಮೆಡೋಜೆನಿಕ್’ ಎಂದಿದ್ದರೆ ರಂಧ್ರ ಕಟ್ಟದಂತೆ ತಯಾರಿಸಿದ್ದಾರೆ ಎಂಬ ಭರವಸೆ ಅದು. ಆ ಮಾತಿಗೆ ಕಾನೂನಿನ ಅಳತೆಗೋಲಿಲ್ಲ. ಕೆಲವು ವಾರ ಬಳಸಿ ನಿಮ್ಮ ಚರ್ಮವೇ ಹೇಳುವುದನ್ನು ನಂಬಿ.

ಯಾವುದು ಯಾರಿಗೆ

ಟಿಂಟೆಡ್ ಮಾಯಿಶ್ಚರೈಸರ್ ಇವುಗಳಲ್ಲಿ ಸರಳವಾದದ್ದು. ತೇವ ಕೊಡುವ ಕ್ರೀಮಿಗೆ ಚೂರು ಬಣ್ಣ ಬೆರೆಸಿರುತ್ತಾರೆ. ಒಣ ಚರ್ಮದವರಿಗೆ, ನಲವತ್ತು ದಾಟಿದವರಿಗೆ ಇದು ಹೇಳಿ ಮಾಡಿಸಿದಂತಿದೆ; ದಪ್ಪ ಲೇಪದಂತೆ ಸುಕ್ಕಿನ ಗೆರೆಗಳೊಳಗೆ ಇಳಿದು ಕೂರುವುದಿಲ್ಲ. ಮನೆಯಲ್ಲಿ ಈಗಾಗಲೇ ಫೌಂಡೇಶನ್ ಇದ್ದರೆ ಅದನ್ನು ಎಸೆಯಬೇಕಿಲ್ಲ. ಅಂಗೈಯಲ್ಲಿ ಎರಡು ಪಾಲು ಮಾಯಿಶ್ಚರೈಸರಿಗೆ ಒಂದು ಪಾಲು ಫೌಂಡೇಶನ್ ಬೆರೆಸಿ ಹಚ್ಚಿದರೆ ಅದೇ ಹಗುರ ಲೇಪವಾಗುತ್ತದೆ. ಸನ್‌ಸ್ಕ್ರೀನಿಗೆ ಮಾತ್ರ ಏನನ್ನೂ ಬೆರೆಸಬೇಡಿ. ಚರ್ಮದ ಮೇಲೆ ಅದು ಸಮನಾಗಿ ಹರಡಿ ನಿಲ್ಲುವ ಪದರ ಕೆಡುತ್ತದೆ.

ಬಿಬಿ ಕ್ರೀಮಿನ ಹುಟ್ಟು ಆಸ್ಪತ್ರೆಯ ಪಕ್ಕದ್ದು. 1960ರ ದಶಕದಲ್ಲಿ ಜರ್ಮನಿಯ ಚರ್ಮವೈದ್ಯೆ ಕ್ರಿಸ್ಟೀನ್ ಶ್ರಾಮೆಕ್, ಚರ್ಮ ಸುಲಿಯುವ ಚಿಕಿತ್ಸೆ ಪಡೆದವರ ಕೆಂಪಾದ ಮುಖಕ್ಕೆ ತಂಪೂ ಆಗಬೇಕು, ಹೊರಗೆ ಓಡಾಡಲು ಮರೆಯೂ ಆಗಬೇಕು ಎಂದು ‘ಬ್ಲೆಮಿಶ್ ಬಾಮ್’ ರೂಪಿಸಿದರು. ಅದನ್ನು ಕೊರಿಯಾದವರು ಈ ಶತಮಾನದ ಮೊದಲ ದಶಕದಲ್ಲಿ ಜನಪ್ರಿಯಗೊಳಿಸಿದರು. 2010ರ ನಂತರದ ವರ್ಷಗಳಲ್ಲಿ ಅದು ಭಾರತದ ಅಂಗಡಿಗಳಿಗೆ ಬಂತು. ತೇವ, ತುಸು ಬಣ್ಣ, ತುಸು ಬಿಸಿಲ ರಕ್ಷಣೆ ಮೂರನ್ನೂ ಒಂದೇ ಟ್ಯೂಬಿನಲ್ಲಿ ಕೊಡುವುದು ಇದರ ಅನುಕೂಲ. ಸಿಸಿ ಕ್ರೀಮ್ ಇದರ ತಂಗಿ: ಕೆಂಪು, ಮಾಸಲು, ಅಸಮ ಬಣ್ಣವನ್ನು ಸರಿದೂಗಿಸುವುದು ಅದರ ಗುರಿ.

ಎಣ್ಣೆ ಚರ್ಮದವರಿಗೆ ಸ್ಕಿನ್ ಟಿಂಟ್ ಅಥವಾ ಸೀರಂ ಮಾದರಿಯ ಲೇಪ ಒಪ್ಪುತ್ತದೆ. ಇವು ನೀರಿನಷ್ಟು ತೆಳು. ಬೆರಳಲ್ಲಿ ಹಚ್ಚಿದರೆ ಸಾಕು. ಇನ್ನು ಕುಶನ್ ಕಾಂಪ್ಯಾಕ್ಟ್ ಕೊರಿಯಾದ ಅಮೋರೆಪೆಸಿಫಿಕ್ ಸಂಸ್ಥೆ 2008ರಲ್ಲಿ ಐಯೋಪ್ ಹೆಸರಿನಲ್ಲಿ ತಂದ ಉಪಾಯ. ವಾಹನ ನಿಲುಗಡೆಯ ಚೀಟಿಗೆ ಒತ್ತುವ, ಶಾಯಿ ಸೋರದ ಮುದ್ರೆಯನ್ನು ಕಂಡು ಸ್ಪಂಜಿನಲ್ಲಿ ದ್ರವ ಲೇಪ ಹೀರಿಸಿಡುವ ಯೋಚನೆ ಅವರಿಗೆ ಹೊಳೆಯಿತಂತೆ. ಕೈಚೀಲದಲ್ಲಿಟ್ಟು ಬೇಕಾದಾಗ ತಟ್ಟಿಕೊಳ್ಳಲು ಅನುಕೂಲ. ಆದರೆ ತಟ್ಟುತ್ತ ಹೋದರೆ ಪದರ ದಪ್ಪವಾಗುತ್ತದೆ. ಸ್ಪಂಜು ತೊಳೆಯದಿದ್ದರೆ ಕೊಳೆ ಸೇರುತ್ತದೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಒಪ್ಪಿಗೆಯಾಗುವುದು ಕಲೆ ಮುಚ್ಚುವ ಕನ್ಸೀಲರ್ ಮಾತ್ರ ಬಳಸುವ ಕ್ರಮ. ಕನ್ನಡಿಯಲ್ಲಿ ಒಮ್ಮೆ ನಿಜವಾಗಿ ನೋಡಿಕೊಳ್ಳಿ. ನಿಮಗೆ ಕಾಣುವ ಕೊರತೆ ಎಲ್ಲಿದೆ? ಕಣ್ಣಿನ ಕೆಳಗಿನ ಕಪ್ಪು, ಮೂಗಿನ ಬದಿಯ ಕೆಂಪು, ತುಟಿಯ ಸುತ್ತಲಿನ ಮಾಸಲು, ಎರಡು ಹಳೆಯ ಮೊಡವೆ ಕಲೆ. ಒಟ್ಟು ಸೇರಿಸಿದರೂ ಅದು ಮುಖದ ಕಾಲು ಭಾಗ ಆಗಲಾರದು. ಆ ಕಾಲು ಭಾಗಕ್ಕಾಗಿ ಹಣೆ, ಕೆನ್ನೆ, ಗದ್ದವನ್ನೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಬಳಿಯುವುದೇಕೆ? ಬೇಕಾದಲ್ಲಿ ಮಾತ್ರ ಚುಕ್ಕೆ ಇಟ್ಟು ಅಂಚನ್ನು ಬೆರಳಿನಿಂದ ಕರಗಿಸಿ. ನಮ್ಮಲ್ಲಿ ಕಣ್ಣಿನ ಕೆಳಗಿನ ಕಪ್ಪು ನೀಲಿ-ಕಂದು ಛಾಯೆಯದು. ಅದರ ಮೇಲೆ ತಿಳಿಬಣ್ಣದ ಕನ್ಸೀಲರ್ ಹಚ್ಚಿದರೆ ಬೂದು ಬಣ್ಣವಾಗುತ್ತದೆ. ಮೊದಲು ಕಿತ್ತಳೆ ಅಥವಾ ಪೀಚ್ ಬಣ್ಣದ ಕರೆಕ್ಟರ್ ತೆಳುವಾಗಿ ಸವರಿದರೆ ನೀಲಿ ಅಡಗುತ್ತದೆ, ಮೇಲಿನ ಕನ್ಸೀಲರ್ ಅರ್ಧದಷ್ಟು ಸಾಕಾಗುತ್ತದೆ.

ಬಂಗು ಇರುವವರಿಗೆ ಬಣ್ಣವೇ ಔಷಧದ ಜೊತೆಗಾರ

ಈ ಲೇಖನದಲ್ಲಿ ಒಂದೇ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೆನ್ನೆಯ ಮೇಲೆ, ಹಣೆಯ ಮೇಲೆ ಹರಡುವ ಕಂದು ಮಚ್ಚೆ, ಅಂದರೆ ಬಂಗು, ನಮ್ಮ ಹೆಂಗಸರಲ್ಲಿ ಬಹಳ ಸಾಮಾನ್ಯ. ಬಸಿರಿನಲ್ಲಿ, ಹಾರ್ಮೋನಿನ ಏರುಪೇರಿನಲ್ಲಿ, ಬಿಸಿಲಿನಲ್ಲಿ ಅದು ಗಾಢವಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದರೆ ಸಾಕು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಆದರೆ ಕಣ್ಣಿಗೆ ಕಾಣುವ ಬೆಳಕೂ, 400ರಿಂದ 700 ನ್ಯಾನೊಮೀಟರ್ ತರಂಗಾಂತರದ್ದು, ಗಾಢ ಚರ್ಮದಲ್ಲಿ ಕಪ್ಪನ್ನು ಹೆಚ್ಚಿಸುತ್ತದೆ ಎಂದು ಕಳೆದ ದಶಕದ ಅಧ್ಯಯನಗಳು ತೋರಿಸಿದವು. ಬಿಳಿ ಚರ್ಮದವರಿಗೆ ಇದರ ಪರಿಣಾಮ ಅಷ್ಟಾಗಿ ಇಲ್ಲ.

ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ಹೆಚ್ಚು ತಡೆಯಲಾರದು. ಅದನ್ನು ತಡೆಯುವುದು ಐರನ್ ಆಕ್ಸೈಡ್. ಲೇಪಗಳಿಗೆ ಬಣ್ಣ ಕೊಡುವ ಅದೇ ಪುಡಿ. ಆದ್ದರಿಂದ ಬಂಗು ಇರುವವರಿಗೆ ಚರ್ಮವೈದ್ಯರು ಈಗ ಟಿಂಟೆಡ್ ಸನ್‌ಸ್ಕ್ರೀನ್ ಬರೆದುಕೊಡುತ್ತಾರೆ. ಮಚ್ಚೆಯನ್ನು ಮರೆಮಾಡುವ ಬಣ್ಣವೇ ಅದು ಹೆಚ್ಚದಂತೆಯೂ ಕಾಯುತ್ತದೆ. ಟ್ಯೂಬಿನ ಹಿಂದಿನ ಪಟ್ಟಿಯಲ್ಲಿ ‘ಐರನ್ ಆಕ್ಸೈಡ್ಸ್’ ಇದೆಯೇ, ಅಥವಾ ಅದರ ಸಂಕೇತ ಸಂಖ್ಯೆಗಳಾದ 77491, 77492, 77499 ಇವೆಯೇ ಎಂದು ನೋಡಿಕೊಳ್ಳಿ. ಕಾರಿನ, ಕಚೇರಿಯ ಕಿಟಕಿ ಗಾಜನ್ನು ದಾಟಿ ಈ ಬೆಳಕು ಒಳಬರುತ್ತದೆ. ಕಿಟಕಿಯ ಪಕ್ಕ ಕೂತು ಕೆಲಸ ಮಾಡುವವರಿಗೂ ಇದು ಅನ್ವಯಿಸುತ್ತದೆ. ಮೊಬೈಲ್ ಪರದೆಯ ನೀಲಿ ಬೆಳಕಿನ ಭಯ ಹುಟ್ಟಿಸಿ ಮಾರುವ ಕ್ರೀಮುಗಳ ಮಾತು ಬೇರೆ. ಸೂರ್ಯನ ಮುಂದೆ ಪರದೆಯ ಬೆಳಕು ತೀರ ಅಲ್ಪ.

ಇಲ್ಲಿ ಪ್ರಮಾಣದ ಪ್ರಶ್ನೆಯೂ ಇದೆ. ಬಿಸಿಲ ರಕ್ಷಣೆಯ ಮಾನವಾದ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಕ್ರೀಮ್ ಮುಖ, ಕತ್ತಿಗೆ ಬೇಕು ಎಂಬ ಲೆಕ್ಕ ಅಲ್ಲಿಂದಲೇ ಬಂದದ್ದು. ಬಿಬಿ ಕ್ರೀಮನ್ನು ಅಷ್ಟು ಯಾರೂ ಹಚ್ಚುವುದಿಲ್ಲ, ಬಟಾಣಿ ಗಾತ್ರ ಸಾಕು ಎನ್ನುತ್ತೇವೆ. ಹಾಗಾಗಿ ಅದರ ಮೇಲೆ ‘ಎಸ್‌ಪಿಎಫ್ 30’ ಎಂದು ಬರೆದಿದ್ದರೂ ನಮಗೆ ಸಿಗುವ ರಕ್ಷಣೆ ಅದಕ್ಕಿಂತ ಎಷ್ಟೋ ಕಡಿಮೆ. ಮೊದಲು ಸಾಕಷ್ಟು ಸನ್‌ಸ್ಕ್ರೀನ್, ಅದು ಚರ್ಮಕ್ಕೆ ಹಿಡಿದ ಮೇಲೆ ಬಣ್ಣದ ತೆಳು ಪದರ. ಇಲ್ಲವೇ ಟಿಂಟೆಡ್ ಸನ್‌ಸ್ಕ್ರೀನನ್ನೇ ಧಾರಾಳವಾಗಿ ಹಚ್ಚುವುದು. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ನಮ್ಮ ಬಣ್ಣ ಎಲ್ಲಿದೆ?

ಹಗುರ ಲೇಪದ ಕಥೆಯಲ್ಲಿ ನಮಗೆ ಆದ ಅನ್ಯಾಯ ಬಣ್ಣದ್ದು. ಚರ್ಮವನ್ನು ವರ್ಗೀಕರಿಸಲು ಅಮೆರಿಕದ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ಮಾಪಕದಲ್ಲಿ ಮೊದಲಿದ್ದದ್ದು ನಾಲ್ಕೇ ವರ್ಗ, ನಾಲ್ಕೂ ಬಿಳಿ ಚರ್ಮದವು. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೆಯ ವರ್ಗಗಳು ಆಮೇಲೆ ಸೇರಿದವು. ಪ್ರಸಾಧನ ಉದ್ಯಮವೂ ಹೀಗೆಯೇ ನಡೆದುಕೊಂಡಿತು. ಭಾರತಕ್ಕೆ ಬಂದ ಮೊದಲ ಬಿಬಿ ಕ್ರೀಮುಗಳಲ್ಲಿ ಹಲವು ಒಂದೆರಡೇ ಬಣ್ಣದಲ್ಲಿ ಬಂದವು, ಅದೂ ತಿಳಿಬಣ್ಣ. 1975ರಲ್ಲಿ ಮಾರುಕಟ್ಟೆಗೆ ಬಂದು ದೇಶವನ್ನೇ ಆವರಿಸಿದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನು ಕೈಬಿಟ್ಟದ್ದು 2020ರಲ್ಲಿ. ಕಪ್ಪು ಬಣ್ಣವನ್ನು ಹೀನವೆಂದು ತೋರಿಸುವ ಜಾಹೀರಾತು ಕೂಡದು ಎಂದು ಭಾರತೀಯ ಜಾಹೀರಾತು ಮಾನಕ ಮಂಡಳಿ ಮಾರ್ಗಸೂಚಿ ತಂದದ್ದು 2014ರಲ್ಲಿ. ಅಮೆರಿಕದಲ್ಲಿ ಗಾಯಕಿ ರಿಹಾನಾ 2017ರಲ್ಲಿ ತಮ್ಮ ಫೆಂಟಿ ಬ್ಯೂಟಿ ಮೂಲಕ ಒಂದೇ ಬಾರಿಗೆ 40 ಬಣ್ಣದ ಫೌಂಡೇಶನ್ ತಂದ ಮೇಲೆ ಜಗತ್ತಿನ ಕಂಪನಿಗಳೆಲ್ಲ ತಮ್ಮ ಪಟ್ಟಿಯನ್ನು ಉದ್ದ ಮಾಡಬೇಕಾಯಿತು. ಆದರೆ ಅದರ ಗಾಳಿ ಫೌಂಡೇಶನ್ನಿಗೆ ಬೀಸಿದಷ್ಟು ಹಗುರ ಲೇಪಗಳಿಗೆ ಬೀಸಿಲ್ಲ. ‘ಎಲ್ಲರಿಗೂ ಹೊಂದುವ ಒಂದೇ ಬಣ್ಣ’ ಎಂದು ಬರೆದ ಟಿಂಟೆಡ್ ಸನ್‌ಸ್ಕ್ರೀನ್ ಬಹುಪಾಲು ಹೊಂದುವುದು ಗೋಧಿ ಬಣ್ಣದವರಿಗೆ ಮಾತ್ರ.

ಅಂಗಡಿಯಲ್ಲಿ ಬಣ್ಣ ನೋಡುವಾಗ ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡುವ ಅಭ್ಯಾಸ ಬಿಡಿ. ಬಿಸಿಲು ಕಾಣದ ಆ ಚರ್ಮ ಮುಖಕ್ಕಿಂತ ತಿಳಿಯಾಗಿರುತ್ತದೆ. ದವಡೆಯ ಅಂಚಿನಲ್ಲಿ, ಕತ್ತಿಗೆ ತಾಗುವಂತೆ ಸಣ್ಣ ಗೆರೆ ಎಳೆಯಿರಿ. ಅಂಗಡಿಯ ಹಳದಿ ದೀಪದಿಂದ ಹೊರಬಂದು ಹಗಲ ಬೆಳಕಿನಲ್ಲಿ ನೋಡಿ. ಹತ್ತು-ಹದಿನೈದು ನಿಮಿಷ ಬಿಡಿ, ಏಕೆಂದರೆ ಚರ್ಮದ ಎಣ್ಣೆಯೊಂದಿಗೆ ಬೆರೆತು ಕೆಲವು ಲೇಪ ಗಾಢವಾಗುತ್ತವೆ. ಗೆರೆ ಕಾಣೆಯಾದರೆ ಅದು ನಿಮ್ಮ ಬಣ್ಣ. ಬೂದಿ ಬಳಿದಂತೆ ಕಂಡರೆ ಬಿಳಿ ಪುಡಿ ಹೆಚ್ಚಾಗಿದೆ, ಗುಲಾಬಿಯಾಗಿ ಕಂಡರೆ ಹಳದಿ ಕಡಿಮೆಯಾಗಿದೆ ಎಂದರ್ಥ. ನಮ್ಮಲ್ಲಿ ಹೆಚ್ಚಿನವರ ಚರ್ಮದ ಒಳಛಾಯೆ ಹಳದಿ, ಹೊಂಬಣ್ಣ ಅಥವಾ ಆಲಿವ್. ‘ಒಂದು ಶೇಡ್ ತಿಳಿ ತೊಗೊಳ್ಳಿ ಮೇಡಂ, ಬ್ರೈಟ್ ಕಾಣ್ತೀರಿ’ ಎಂಬ ಸಲಹೆಯನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ. ತಿಳಿಬಣ್ಣ ಹಚ್ಚಿದರೆ ಅದನ್ನು ಮುಚ್ಚಿಡಲು ಕತ್ತಿಗೆ, ಕಿವಿಗೆ, ಕೈಗೆಲ್ಲ ಲೇಪ ಬೇಕಾಗುತ್ತದೆ. ಹಗುರ ಎಂಬ ಮಾತು ಅಲ್ಲಿಗೆ ಮುಗಿಯಿತು.

ಊರಿಗೆ ತಕ್ಕ ಲೇಪ

ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಅಲ್ಲಿ ಕ್ರೀಮಿನ ಮೇಲೆ ಕ್ರೀಮು ಜಾರುತ್ತದೆ. ಜೆಲ್ ಮಾದರಿಯ ಸನ್‌ಸ್ಕ್ರೀನ್, ಮೇಲೆ ನೀರಿನಂಥ ಸ್ಕಿನ್ ಟಿಂಟ್, ಮೂಗು-ಹಣೆಗೆ ಮಾತ್ರ ಚೂರು ಪೌಡರ್ ಸಾಕು. ಬೆವರಿದಾಗ ಉಜ್ಜಬೇಡಿ, ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಬಿಸಿಲೂ ಒಣಹವೆಯೂ ಒಟ್ಟಿಗೆ. ಅಲ್ಲಿ ಪೌಡರ್ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ತೇವವಿರುವ ಟಿಂಟೆಡ್ ಸನ್‌ಸ್ಕ್ರೀನ್, ಜೊತೆಗೆ ತಲೆಯ ಮೇಲೆ ಸೆರಗು ಅಥವಾ ಛತ್ರಿ ಮೇಲು. ಬೆಂಗಳೂರು, ಮೈಸೂರಿನ ಚಳಿಗಾಲದ ಬೆಳಗಿಗೆ ಟಿಂಟೆಡ್ ಮಾಯಿಶ್ಚರೈಸರ್ ಒಪ್ಪುತ್ತದೆ. ಸ್ಕೂಟರ್ ಓಡಿಸುವವರಿಗೆ ಇನ್ನೊಂದು ಮಾತು: ದಪ್ಪ, ಅಂಟು ಲೇಪದ ಮೇಲೆ ದಾರಿಯ ಧೂಳು ಕೂರುತ್ತದೆ, ಹೆಲ್ಮೆಟ್ಟಿನ ಒಳಪದರ ಅದನ್ನೆಲ್ಲ ಹೀರಿ ಮರುದಿನ ಹಣೆಗೆ ಒರೆಸುತ್ತದೆ.

ಹಚ್ಚಲು ಬೆರಳೇ ಸಾಕು, ಕೈ ತೊಳೆದಿರಬೇಕು ಅಷ್ಟೆ. ಬೆರಳ ಬಿಸಿಗೆ ಲೇಪ ಕರಗಿ ಚರ್ಮಕ್ಕೆ ಕೂಡುತ್ತದೆ. ಮುಖದ ನಡುವಿನಿಂದ ಹೊರಕ್ಕೆ ಎಳೆಯಿರಿ. ಕೂದಲಿನ ಅಂಚು, ಕಿವಿಯ ಬಳಿ ಏನೂ ಉಳಿಯದಿದ್ದರೂ ಚಿಂತೆಯಿಲ್ಲ. ಸ್ಪಂಜು ಬೇಕೇಬೇಕೆನ್ನುವವರು ಅದನ್ನು ಆಗಾಗ ಸೋಪಿನಲ್ಲಿ ತೊಳೆದು ಒಣಗಿಸಲಿ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಕೆಯಲ್ಲಿದ್ದ ಮೇಕಪ್ ವಸ್ತುಗಳ ಬಹುಪಾಲಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕವು. ಪರೀಕ್ಷಿಸಿದ ಸ್ಪಂಜುಗಳಲ್ಲಿ ಹೆಚ್ಚಿನವನ್ನು ಒಮ್ಮೆಯೂ ತೊಳೆದಿರಲಿಲ್ಲ. ರಾತ್ರಿ ಮಲಗುವ ಮುನ್ನ ಹಗುರ ಲೇಪವನ್ನೂ ತೊಳೆಯಲೇಬೇಕು. ತೆಳುವಾಗಿದೆ, ಇರಲಿ ಬಿಡು ಎಂಬ ಉದಾಸೀನ ಬೇಡ.

ಎಚ್ಚರ ಬೇಕಾದ ಟ್ಯೂಬುಗಳು

ಹಗುರ ಕ್ರೀಮ್ ಎಂದು ಕೊಳ್ಳುವ ಹೊತ್ತಿನಲ್ಲಿ ಬಿಳಿಮಾಡುವ ಕ್ರೀಮುಗಳೂ ಅದೇ ಕಪಾಟಿನಲ್ಲಿರುತ್ತವೆ. ಪಾದರಸ ಬೆರೆಸಿದ ಇಂಥ ಕ್ರೀಮ್ ತಯಾರಿಸುವುದನ್ನು ನಮ್ಮ 2020ರ ಪ್ರಸಾಧನ ನಿಯಮಗಳು ನಿಷೇಧಿಸಿವೆ. ಆದರೂ ಹೆಸರು-ವಿಳಾಸವಿಲ್ಲದ ಕ್ರೀಮುಗಳು ಕಳ್ಳದಾರಿಯಲ್ಲಿ ಬರುತ್ತವೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು, ಇಂಥ ಬಿಳುಪಿನ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದುದನ್ನು ವರದಿ ಮಾಡಿದರು. ಇನ್ನೊಂದು ಅಪಾಯ ಸ್ಟಿರಾಯ್ಡ್ ಮುಲಾಮುಗಳದ್ದು. ಮೊದಮೊದಲು ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಉರಿಯುತ್ತದೆ, ರೋಮ ಬೆಳೆಯುತ್ತದೆ, ಬಿಟ್ಟರೆ ಮೊಡವೆ ಸಿಡಿಯುತ್ತದೆ. ಇವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ಬಿಗಿ ಮಾಡಿದೆ.

ಆದ್ದರಿಂದ ಟ್ಯೂಬಿನ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಒಳಗಿನ ವಸ್ತುಗಳ ಪಟ್ಟಿ ಇವೆಯೇ ನೋಡಿ. ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರದಲ್ಲಿ 6 ಅಥವಾ 12 ಎಂದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕು ಎಂದರ್ಥ. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಕಿವಿಯ ಹಿಂದೆ ಒಂದೆರಡು ದಿನ ಹಚ್ಚಿ ತುರಿಕೆ ಬರುವುದೇ ಎಂದು ಪರೀಕ್ಷಿಸಿ.

ದಪ್ಪ ಲೇಪಕ್ಕೂ ಜಾಗವಿದೆ

ಮುಖದ ಮೇಲೆ ಹುಟ್ಟುಮಚ್ಚೆ ಇರುವವರು, ಸುಟ್ಟ ಗಾಯದ ಗುರುತು, ತೊನ್ನು ಇರುವವರು ದಪ್ಪ ಲೇಪ ಆರಿಸಿಕೊಂಡರೆ ಅದು ಅವರ ಹಕ್ಕು ಮತ್ತು ನೆಮ್ಮದಿ. ಅಮೆರಿಕದ ಲಿಡಿಯಾ ಓಲಿಯರಿ ತಮ್ಮ ಮುಖದ ದೊಡ್ಡ ಕೆಂಪು ಹುಟ್ಟುಮಚ್ಚೆಯನ್ನು ಮರೆಮಾಡಲು ‘ಕವರ್‌ಮಾರ್ಕ್’ ಎಂಬ ಲೇಪ ರೂಪಿಸಿ 1932ರಲ್ಲಿ ಪೇಟೆಂಟ್ ಪಡೆದರು. ಮಚ್ಚೆಯ ಕಾರಣಕ್ಕೆ ಕೆಲಸ ಕೊಡದೆ ಕಳಿಸಿದ ಸಮಾಜದಲ್ಲಿ ಆ ಲೇಪ ಅವರಿಗೆ ಬದುಕು ಕಟ್ಟಿಕೊಟ್ಟಿತು. ಮೇಕಪ್ ಬಳಿದುಕೊಂಡವರನ್ನು ಹಂಗಿಸುವ, ಬಳಿಯದವರನ್ನು ‘ಸಹಜ ಸುಂದರಿ’ ಎಂದು ಮೆರೆಸುವ ಮಾತುಗಳಲ್ಲಿ ನನಗೆ ನಂಬಿಕೆಯಿಲ್ಲ. ಹಗುರ ಲೇಪವನ್ನು ಆರಿಸಿಕೊಳ್ಳುವುದು ಚರ್ಮದ ಆರೋಗ್ಯ, ಬೆಳಗಿನ ಸಮಯ, ತಿಂಗಳ ಖರ್ಚು ಈ ಮೂರರ ಲೆಕ್ಕದಿಂದ. ಅದರಲ್ಲಿ ಇನ್ನೊಬ್ಬರ ಮೇಲಿನ ತೀರ್ಪು ಇರಕೂಡದು.

ಮನೆಯಲ್ಲಿ ಹದಿಹರೆಯದ ಮಗಳಿದ್ದರೆ ಈ ಮಾತಿಗೆ ತೂಕ ಹೆಚ್ಚು. ವಿಡಿಯೊ ನೋಡಿ ನೋಡಿ ಆಕೆ ಫೌಂಡೇಶನ್ ಕೇಳುವ ದಿನ ಬಂದೇ ಬರುತ್ತದೆ. ಬೇಡವೆಂದು ಗದರುವುದಕ್ಕಿಂತ ಅವಳ ಬಣ್ಣಕ್ಕೇ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಒಂದನ್ನು ಜೊತೆಗೆ ಹೋಗಿ ಆರಿಸಿ ಕೊಡಿಸುವುದು ಒಳ್ಳೆಯದು. ಬಿಸಿಲಿಗೆ ಕೊಡೆ ಹಿಡಿದಷ್ಟೇ ಸಹಜವಾಗಿ ಅದನ್ನು ಹಚ್ಚಲು ಕಲಿತ ಹುಡುಗಿ, ತನ್ನ ಮುಖದಲ್ಲಿ ಮುಚ್ಚಬೇಕಾದ್ದು ಬಹಳಿದೆ ಎಂಬ ಭಾವನೆಯೊಂದಿಗೆ ಬೆಳೆಯುವುದಿಲ್ಲ. ಗಂಡುಮಕ್ಕಳಿಗೂ ಇದೇ ಮಾತು. ಬಿಸಿಲು ಅವರನ್ನೇನೂ ಬಿಟ್ಟಿಲ್ಲ.

ಕೊಳ್ಳುವವರಾದ ನಮ್ಮ ಕೈಯಲ್ಲೂ ಕೆಲಸವಿದೆ. ಕೌಂಟರಿನಲ್ಲಿ ನಮ್ಮ ಬಣ್ಣದ ಟ್ಯೂಬ್ ಇಲ್ಲದಿದ್ದರೆ, ಹತ್ತಿರದ ತಿಳಿಬಣ್ಣಕ್ಕೆ ಒಪ್ಪಿಕೊಂಡು ಬರಬಾರದು. ಇಲ್ಲವೆಂದು ಹೇಳಿಸಿ, ತರಿಸಿಕೊಡಿ ಎಂದು ಕೇಳಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಎರಡು ಸಾಲು ಬರೆದು ಬರಬೇಕು. ಮಾರಾಟವಾಗದ ಬಣ್ಣವನ್ನು ಕಂಪನಿಗಳು ನಿಲ್ಲಿಸುತ್ತವೆ, ಕೇಳಿಕೆ ಬಂದ ಬಣ್ಣವನ್ನು ತಯಾರಿಸುತ್ತವೆ. ರಾಗಿಬಣ್ಣದ ಕೆನ್ನೆಗೆ ರಾಗಿಬಣ್ಣದ ಹಗುರ ಲೇಪ ಹಳ್ಳಿಯ ಮೆಡಿಕಲ್ ಶಾಪಿನಲ್ಲೂ ಸಿಗುವವರೆಗೆ ಕೇಳುತ್ತಲೇ ಇರೋಣ.